ನಿಂತ ಮೋಟಾರು ಸತ್ತ ಮೋಟಾರಲ್ಲ: ಡ್ರೋನ್ ಮೇಲೇಳುವ ಮುಂಚಿನ ಹತ್ತು ನಿಮಿಷ

ಹೊಲದಲ್ಲಿ ಬೋರ್ ಇರುವವರಿಗೆ ಆಟೋ ಸ್ಟಾರ್ಟರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲ, ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಓಡುವುದು ಬೇಡ ಅಂತ ಅದನ್ನು ಹಾಕಿಸುತ್ತೇವೆ. ಕರೆಂಟ್ ಬಂದ ಕೂಡಲೇ ಮೋಟಾರು ತಾನಾಗಿಯೇ ಶುರುವಾಗುತ್ತದೆ. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಅದಕ್ಕೇ ನಮ್ಮ ಕಡೆ ಹಿರಿಯರು ಹುಡುಗರಿಗೆ ಒಂದು ಮಾತು ಕಲಿಸಿರುತ್ತಾರೆ: ಮೋಟಾರು ನಿಂತಿದೆ ಅಂತ ಕೈ ಹಾಕಬೇಡ, ಮೊದಲು ಫ್ಯೂಜ್ ಕಿತ್ತು ಕಿಸೆಗೆ ಹಾಕಿಕೋ.

ಈ ಹಳೇ ಮಾತು ಈಗ ಹೊಸದೊಂದು ಯಂತ್ರಕ್ಕೂ ಬೇಕಾಗಿದೆ. ಅದು ನಮ್ಮ ಹೊಲದ ಬದುವಿನ ಮೇಲೆ ಆರು ಕಾಲು ಚಾಚಿ ಕುಳಿತಿರುತ್ತದೆ. ಎಣ್ಣೆ ಹೊಡೆಯುವ ಡ್ರೋನ್.

ನಾವು ಇಬ್ಬರು ಒಂದೇ ಬೈಕಿನ ಮೇಲೆ ಹಳ್ಳಿ ತಿರುಗಿ ಸುದ್ದಿ ಕಳಿಸುವವರು. ಹಿರೇಕೆರೂರು, ಹಾನಗಲ್, ಸವಣೂರು, ಶಿಗ್ಗಾವಿ ಅಂತ ಸುತ್ತುತ್ತ ಡ್ರೋನ್ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ಡೆಸ್ಕಿನವರು ಕೇಳುವುದು ಒಂದೇ ಫೋಟೊ. ಬೆಳೆಯ ಮೇಲೆ ಡ್ರೋನ್ ತೇಲುತ್ತಿರಬೇಕು, ಕೆಳಗೆ ಮಂಜಿನ ಹಾಗೆ ಎಣ್ಣೆ ಇಳಿಯುತ್ತಿರಬೇಕು, ಬದುವಿನ ಮೇಲೆ ರೈತರು ಕತ್ತೆತ್ತಿ ನೋಡುತ್ತಿರಬೇಕು. ಆ ಫೋಟೊದಲ್ಲಿ ಡ್ರೋನ್ ಆಗಲೇ ಮೇಲೆ ಹೋಗಿರುತ್ತದೆ. ಅದು ಮೇಲೇಳುವ ಮುಂಚಿನ ಹತ್ತು ನಿಮಿಷದಲ್ಲಿ ನೆಲದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾವ ಪೇಪರೂ ಕೇಳುವುದಿಲ್ಲ. ಅನಾಹುತ ಆಗುವುದಾದರೆ ಬಹಳ ಸಲ ಅದೇ ಹತ್ತು ನಿಮಿಷದಲ್ಲಿ ಆಗುತ್ತದೆ. ಆದ್ದರಿಂದ ಈ ಸಲ ನಾವು ಬರೆಯುತ್ತಿರುವುದು ಆ ಹತ್ತು ನಿಮಿಷದ ಬಗ್ಗೆ.

ಡ್ರೋನ್ ನಮ್ಮ ಹೊಲಕ್ಕೆ ಸುಮ್ಮನೆ ಬರಲಿಲ್ಲ. 2018ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳು ಮೊದಲು ಕಾಣಿಸಿಕೊಂಡಿತು. ದೇಶಕ್ಕೇ ಹೊಸದಾಗಿದ್ದ ಆ ಹುಳುವನ್ನು ನಮ್ಮವರು ಲದ್ದಿ ಹುಳು ಅಂತ ಕರೆದರು. ಸುಳಿಯೊಳಗೆ ಕುಳಿತು ತಿನ್ನುವ ಹುಳು ಅದು, ಎಣ್ಣೆಯನ್ನು ಸುಳಿಗೇ ಬೀಳಿಸಬೇಕು. ಎದೆಮಟ್ಟ ಬೆಳೆದ ಜೋಳದೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೋಗಲು ಆಳು ಸಿಗುವುದಿಲ್ಲ. ಸಿಕ್ಕರೂ ಆ ಎಣ್ಣೆ ಮೊದಲು ಬೀಳುವುದು ಹೊಡೆಯುವವನ ಮುಖಕ್ಕೆ. ಡ್ರೋನಿಗೆ ಎಕರೆಗೆ ಹತ್ತು ಲೀಟರ್ ಆಸುಪಾಸು ನೀರು ಸಾಕು, ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಸರ್ಕಾರವೂ ಕೈ ಹಾಕಿತು. ಕೇಂದ್ರ ಸಂಪುಟ 2023ರ ನವೆಂಬರ್ ಕೊನೆಯಲ್ಲಿ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1,261 ಕೋಟಿ ರೂಪಾಯಿ, 15,000 ಮಹಿಳಾ ಸ್ವಸಹಾಯ ಸಂಘಗಳು. ಡ್ರೋನಿನ ಬೆಲೆಯಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಉಳಿದದ್ದಕ್ಕೆ ಸಂಘ ಸಾಲ ಮಾಡಬಹುದು. ಸಂಘದ ಒಬ್ಬ ಮಹಿಳೆಗೆ 15 ದಿನದ ತರಬೇತಿ, ಅದರಲ್ಲಿ ಐದು ದಿನ ಹಾರಿಸುವುದು, ಹತ್ತು ದಿನ ಗೊಬ್ಬರ ಮತ್ತು ಎಣ್ಣೆ ಸಿಂಪಡಣೆ. ಹೀಗೆ ನಿನ್ನೆಯವರೆಗೆ ರೊಟ್ಟಿ ಬಡಿದು, ಹೈನ ಮಾಡಿ, ಸಂಘದ ಲೆಕ್ಕ ಬರೆಯುತ್ತಿದ್ದ ಅಕ್ಕಂದಿರ ಕೈಗೆ ವಿಮಾನದ ಕೆಲಸ ಬಂತು.

ವಿಮಾನ ಅಂದದ್ದು ಅಲಂಕಾರಕ್ಕಲ್ಲ. ನೆಲದ ಮೇಲೆ ಮಾಡುವ ತಯಾರಿಯಲ್ಲಿ ಎಣ್ಣೆ ಹೊಡೆಯುವ ಡ್ರೋನಿಗೂ, ಮನುಷ್ಯ ಕುಳಿತು ಹಾರುವ ವಿದ್ಯುತ್ ಗ್ಲೈಡರಿಗೂ ಹೆಚ್ಚು ಅಂತರವಿಲ್ಲ. ಗ್ಲೈಡರ್ ಅಂದರೆ ಹದ್ದಿನ ಹಾಗೆ ರೆಕ್ಕೆ ಬಡಿಯದೆ ಬಿಸಿಗಾಳಿ ಹಿಡಿದು ಮೇಲೇರುವ ವಿಮಾನ. ಮೊದಲೆಲ್ಲ ಅದಕ್ಕೆ ಎಂಜಿನ್ನೇ ಇರುತ್ತಿರಲಿಲ್ಲ, ಹಗ್ಗ ಕಟ್ಟಿ ಎಳೆದು ಹಾರಿಸುತ್ತಿದ್ದರು. ಈಗ ಯುರೋಪಿನಲ್ಲಿ ಅನೇಕ ಗ್ಲೈಡರ್‌ಗಳ ಮೂತಿಗೆ ವಿದ್ಯುತ್ ಮೋಟಾರು ಕೂಡಿಸಿದ್ದಾರೆ. ಗಾಳಿ ಕೈಕೊಟ್ಟರೆ ಸ್ವಿಚ್ ಒತ್ತಿದರಾಯಿತು, ಫ್ಯಾನ್ ತಿರುಗುತ್ತದೆ. ಬೇಡವಾದಾಗ ಫ್ಯಾನಿನ ರೆಕ್ಕೆಗಳು ಮಡಚಿಕೊಂಡು ಮೂತಿಗೆ ಅಂಟಿ ಕೂರುತ್ತವೆ. ದೂರದಿಂದ ನೋಡಿದವನಿಗೆ ಅಲ್ಲೊಂದು ಫ್ಯಾನ್ ಇದೆ ಅಂತಲೇ ಗೊತ್ತಾಗುವುದಿಲ್ಲ.

ಭಯ ಇರುವುದು ಅಲ್ಲೇ. ಟ್ರ್ಯಾಕ್ಟರಿನ ಎಂಜಿನ್ ಗುಡುಗುತ್ತದೆ, ಹೊಗೆ ಬಿಡುತ್ತದೆ, ನೆಲ ನಡುಗಿಸುತ್ತದೆ. ಹತ್ತಿರ ಬರಬೇಡ ಅಂತ ಅದೇ ಹೇಳುತ್ತದೆ. ವಿದ್ಯುತ್ ಮೋಟಾರು ಏನೂ ಹೇಳುವುದಿಲ್ಲ. ಬ್ಯಾಟರಿ ಜೋಡಿಸಿದ ಗಳಿಗೆಯಿಂದ ಅದು ತಯಾರಾಗಿಯೇ ಇರುತ್ತದೆ, ಆದರೆ ನೋಡಲು ನಿಂತ ಹಾಗೇ ಇರುತ್ತದೆ. ಅದಕ್ಕೇ ಅಂಥ ಗ್ಲೈಡರಿನವರು ಮುಖ್ಯ ಸ್ವಿಚ್ ಆಫ್ ಇದೆಯೇ ಅಂತ ಕಣ್ಣಾರೆ ನೋಡದೆ ಬ್ಯಾಟರಿ ಜೋಡಿಸುವುದಿಲ್ಲ, ಬ್ಯಾಟರಿ ಜೋಡಿಸಿದ ಮೇಲೆ ಮೂತಿಯ ಮುಂದೆ ಯಾರನ್ನೂ ನಿಲ್ಲಗೊಡುವುದಿಲ್ಲ.

ಬ್ಯಾಟರಿಯ ಮೇಲೂ ಅಷ್ಟೇ ಕಣ್ಣಿಡುತ್ತಾರೆ. 2017ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪಾರ್ಹಮ್ ಎಂಬಲ್ಲಿ ಇಂಥ ಒಂದು ಗ್ಲೈಡರ್ ನೆಲಕ್ಕಿಳಿಯುವ ಹೊತ್ತಿಗೆ ಅದರ ಬ್ಯಾಟರಿಗೆ ಬೆಂಕಿ ಹತ್ತಿತು. ಹಾರಿಸುತ್ತಿದ್ದವರು ಪಾರಾದರು. ಆ ಬಗೆಯ ಚಾಲನಾ ವ್ಯವಸ್ಥೆಯ ಬಳಕೆಯನ್ನು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಕೆಲ ಕಾಲ ತಡೆಹಿಡಿಯಿತು. ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಕೂಡ ಇ-ಹಂಸ ಅನ್ನುವ ಎರಡು ಸೀಟಿನ ವಿದ್ಯುತ್ ವಿಮಾನ ಮಾಡುತ್ತಿದೆ ಅಂತ 2025ರಲ್ಲಿ ಕೇಂದ್ರ ಸಚಿವರು ಹೇಳಿದರು. ನಾಳೆ ಅದನ್ನು ಹಾರಿಸುವವರು ಯಾವ ಎಚ್ಚರ ಕಲಿಯುತ್ತಾರೋ, ಅದೇ ಎಚ್ಚರವನ್ನು ಇವತ್ತೇ ಕಲಿಯಬೇಕಾದವರು ನಮ್ಮ ಸಂಘದ ಅಕ್ಕಂದಿರು.

ಹಾಗಾದರೆ ಡ್ರೋನಿನ ಹೊಟ್ಟೆಯಲ್ಲಿ ಏನಿದೆ? ನಾಲ್ಕೇ ಸಾಮಾನು. ಬ್ಯಾಟರಿ, ಮೋಟಾರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರ್, ಮೋಟಾರು, ಫ್ಯಾನ್. ಫ್ಯಾನಿಗೆ ಪ್ರೊಪೆಲರ್ ಅಂತಾರೆ, ಹೊಲದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಫ್ಯಾನೇ. ಬ್ಯಾಟರಿಯ ಒಂದೊಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹತ್ತು ಲೀಟರ್ ಟ್ಯಾಂಕಿನ ಡ್ರೋನಿನಲ್ಲಿ ಸಾಮಾನ್ಯವಾಗಿ ಇಂಥ 12 ಸೆಲ್ ಸಾಲಾಗಿ ಇರುತ್ತವೆ. ಒಟ್ಟು 50 ವೋಲ್ಟ್ ಆಯಿತು. ಮನೆಯ 230 ವೋಲ್ಟಿನ ಮುಂದೆ ಇದೇನು ಅನ್ನಿಸಬಹುದು. ಆದರೆ ಇದು ಬಿಡುವ ಕರೆಂಟು ದೊಡ್ಡದು, ಹತ್ತಾರು ಆಂಪಿಯರ್. ಪ್ಲಸ್, ಮೈನಸ್ ಎರಡಕ್ಕೂ ಒಂದು ಸ್ಪ್ಯಾನರ್ ತಾಗಿದರೆ ಕಬ್ಬಿಣ ಕರಗುವಷ್ಟು ಕಿಡಿ ಹಾರುತ್ತದೆ. ಆ ಶಕ್ತಿಯೇ ಇಪ್ಪತ್ತು ಕಿಲೋ ದಾಟುವ ಯಂತ್ರವನ್ನು ಎತ್ತಿ ನಿಲ್ಲಿಸುವುದು. ಅದರ ಫ್ಯಾನಿಗೆ ಬೆರಳು ಕೊಟ್ಟರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಆದರೂ ಹೇಳುತ್ತೇವೆ, ಯಾಕೆಂದರೆ ನಾವು ಅಂಥ ಕೈಯನ್ನು ನೋಡಿದ್ದೇವೆ. ಊರು, ಹೆಸರು ಬೇಡ. ಇಪ್ಪತ್ತೆರಡರ ಹುಡುಗ. ಫ್ಯಾನಿನ ಸ್ಕ್ರೂ ಸಡಿಲಾಗಿದೆ ಅಂತ ಬಿಗಿ ಮಾಡುತ್ತಿದ್ದ. ಬ್ಯಾಟರಿ ಜೋಡಿಸಿಯೇ ಇತ್ತು. ರಿಮೋಟ್ ಹಿಡಿದಿದ್ದ ಗೆಳೆಯ, ಇದು ಏನು ಮಾಡುತ್ತದೆ ನೋಡೋಣ ಅಂತ ಎರಡೂ ಕಡ್ಡಿ ಒಳಗೆ ಎಳೆದ. ಡ್ರೋನಿಗೆ ಅದು ಶುರುವಾಗು ಅನ್ನುವ ಸನ್ನೆ. ಹುಡುಗನ ಬಲಗೈಯ ಮೂರು ಬೆರಳಿಗೆ ಹೊಲಿಗೆ ಬಿದ್ದವು. ಗಾಯ ಮಾಯ್ದಿದೆ, ಆದರೆ ಆ ಬೆರಳು ಪೂರ್ತಿ ಮಡಚುವುದಿಲ್ಲ. "ಎಮ್ಮಿ ಹಿಂಡಾಕ ಬರವಲ್ದ್ರೀ ಸರ, ಎಡಗೈಲೆ ರೂಢಿ ಮಾಡ್ಕೊಳ್ಳಾಕತ್ತೇನಿ" ಅಂದ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ದಡ್ಡರೂ ಅಲ್ಲ. ನಿಂತ ಮೋಟಾರನ್ನು ಸತ್ತ ಮೋಟಾರು ಅಂದುಕೊಂಡರು, ಅಷ್ಟೇ.

ಒಳ್ಳೆಯ ತಯಾರಿ ಹೇಗಿರುತ್ತದೆ ಅನ್ನುವುದನ್ನು ನಾವು ಸರಿಯಾಗಿ ನೋಡಿದ್ದು ಚಿಕ್ಕೇರೂರಿನ ಹತ್ತಿರದ ಒಂದು ಗೋವಿನಜೋಳದ ಹೊಲದಲ್ಲಿ. ಹಾರಿಸುವವರು ಸ್ವಸಹಾಯ ಸಂಘದ ಒಬ್ಬ ಅಕ್ಕ. ಕೈಕೆಳಗೆ ಅವರ ಮೈದುನ. ನಾವು ಬೆಳಿಗ್ಗೆ ಹೋಗುವಷ್ಟರಲ್ಲಿ ಅವರ ಅರ್ಧ ಕೆಲಸ ಮುಗಿದಿತ್ತು, ಯಾಕೆಂದರೆ ಅದು ಹಿಂದಿನ ರಾತ್ರಿಯೇ ಶುರುವಾಗಿತ್ತು.

ರಾತ್ರಿಯ ಕೆಲಸ ಬ್ಯಾಟರಿಯದು. ಚಾರ್ಜಿಗೆ ಹಾಕುವ ಮುಂಚೆ ಕೈಯಲ್ಲಿ ಹಿಡಿದು ನೋಡುತ್ತಾರೆ. ಮೊಬೈಲ್ ಬ್ಯಾಟರಿ ಕೆಟ್ಟಾಗ ಉಬ್ಬುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಡ್ರೋನಿನದೂ ಹಾಗೇ ಉಬ್ಬುತ್ತದೆ. ಉಬ್ಬಿದ್ದು, ಬಿದ್ದು ನೆಗ್ಗಿದ್ದು, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದದ್ದು ಯಾವುದನ್ನೂ ಚಾರ್ಜಿಗೆ ಹಾಕುವಂತಿಲ್ಲ, ಹಾರಿಸುವಂತೂ ಇಲ್ಲ. ಎಲ್ಲ ಸೆಲ್ಲುಗಳ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಹಿಂದೆ ಬಿದ್ದರೆ ಆ ಬ್ಯಾಟರಿಯನ್ನು ಬದಿಗಿಡಬೇಕು. ಜೋಡಿ ಎತ್ತಿನಲ್ಲಿ ಒಂದು ಕುಂಟಿದರೆ ಬಂಡಿ ಹೇಗೆ ಸಾಗುತ್ತದೆಯೋ ಇದೂ ಹಾಗೇ. ಚಾರ್ಜ್ ಮಾಡುವುದು ಮಲಗುವ ಕೋಣೆಯಲ್ಲಿ ಅಲ್ಲ, ಬಣವೆ ಹತ್ತಿರವೂ ಅಲ್ಲ. ಆ ಅಕ್ಕ ಪಡಸಾಲೆಯ ಬರಿ ಕಲ್ಲಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ಒಣ ಉಸುಕು ಇಟ್ಟುಕೊಂಡು, ಚಾರ್ಜ್ ಆಗುವ ತನಕ ಎದ್ದೇ ಇರುತ್ತಾರಂತೆ. ಈ ಬ್ಯಾಟರಿಗೆ ಬೆಂಕಿ ಹತ್ತಿದರೆ ಹೊಗೆಯೇ ವಿಷ, ಆದ್ದರಿಂದ ಮೊದಲು ಮಂದಿ ದೂರ ಹೋಗಬೇಕು, ಸಾಮಾನು ಉಳಿಸುವುದು ಆಮೇಲೆ.

ಬೆಳಿಗ್ಗೆಯ ಕೆಲಸ ಜಾಗ ಹುಡುಕುವುದರಿಂದ ಶುರು. ಸಮನಾದ ನೆಲ, ಮೇಲೆ ಕರೆಂಟ್ ತಂತಿ ಇರಬಾರದು, ಟಿಸಿ ಕಂಬ ಹತ್ತಿರ ಇರಬಾರದು. ಟ್ರ್ಯಾಕ್ಟರಿನ ಮಗ್ಗುಲಲ್ಲೂ ಬೇಡ, ಕಬ್ಬಿಣ ಹತ್ತಿರವಿದ್ದರೆ ಡ್ರೋನಿನ ದಿಕ್ಸೂಚಿಗೆ ದಿಕ್ಕು ತಪ್ಪುತ್ತದೆ. ಮಡಚಿದ ಕೈಗಳನ್ನು ಬಿಡಿಸಿ ಲಾಕ್ ಕೂತಿದೆಯೇ ಅಂತ ಜಗ್ಗಿ ನೋಡಬೇಕು. ಆಮೇಲೆ ಒಂದೊಂದೇ ಮೋಟಾರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಬೇಕು. ಬೀಸುಕಲ್ಲಿನಲ್ಲಿ ಹರಳು ಸಿಕ್ಕ ಹಾಗೆ ಕರಕರ ಅಂದರೆ ಒಳಗೆ ಮಣ್ಣೋ ಎಣ್ಣೆಯ ಉಪ್ಪೋ ಸೇರಿದೆ ಅಂತ ಅರ್ಥ. ಫ್ಯಾನಿನ ಅಂಚಿನ ಮೇಲೆ ಬಟ್ಟೆಯಿಂದ ಒರೆಸಬೇಕು, ಸೀಳಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಅಕ್ಕಪಕ್ಕದ ಫ್ಯಾನುಗಳು ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗುತ್ತವೆ. ಅದಲುಬದಲು ಹಾಕಿದರೆ ಡ್ರೋನ್ ಏಳುವ ಬದಲು ಮಗುಚಿ ಬೀಳುತ್ತದೆ. ಇಷ್ಟೂ ಕೆಲಸ ನಡೆಯುವಾಗ ಬ್ಯಾಟರಿ ಡ್ರೋನಿನಲ್ಲಿ ಇರುವುದಿಲ್ಲ. ಅದು ನೆರಳಿನಲ್ಲಿ, ಪೆಟ್ಟಿಗೆಯೊಳಗೆ ಇರುತ್ತದೆ.

ಕೊನೆಗೆ ಜೀವ ತುಂಬುವ ಕ್ರಮ. ಎಣ್ಣೆ ಕಲಸಿ ಟ್ಯಾಂಕ್ ತುಂಬಿ ಮುಚ್ಚಳ ಹಾಕಿ, ಕೈ ತೊಳೆದು ಒರೆಸಿಕೊಂಡ ಮೇಲೆ ಮೊದಲು ರಿಮೋಟ್ ಆನ್. ಅದನ್ನು ಹಾರಿಸುವವರೇ ಕೊರಳಿಗೆ ಹಾಕಿಕೊಳ್ಳಬೇಕು, ಬೇರೆಯವರ ಕೈಗೆ ಕೊಡುವಂತಿಲ್ಲ. ಆಮೇಲೆ ಬ್ಯಾಟರಿ. ರಿಮೋಟ್ ಇಲ್ಲದೆ ಬ್ಯಾಟರಿ ಜೋಡಿಸಿದರೆ ಯಜಮಾನನಿಲ್ಲದ ಎತ್ತಿಗೆ ಕಣ್ಣಿ ಬಿಚ್ಚಿದಂತೆ. ಜೋಡಿಸಿದವರು ಫ್ಯಾನಿನ ಮೇಲೆ ಬಾಗದೆ ಹಿಂದೆ ಸರಿಯಬೇಕು. ಎಲ್ಲರೂ ದೂರ ಹೋದ ಮೇಲೆ ಮೋಟಾರು ಶುರು. ಮೊದಲು ಮೆಲ್ಲಗೆ ತಿರುಗಲಿ, ಸದ್ದು ಕೇಳಿ. ಆಮೇಲೆ ಆಳೆತ್ತರ ಏರಿಸಿ ಅರ್ಧ ನಿಮಿಷ ನಿಲ್ಲಿಸಿ ನೋಡಿ. ನಡುಗದೆ ನಿಂತರೆ ಹೊಲದ ಕಡೆ ಹೊರಡಬಹುದು. ಇಳಿದ ಮೇಲೆ ಇದೇ ಕ್ರಮ ತಿರುಗುಮುರುಗು: ಮೋಟಾರು ನಿಲ್ಲಬೇಕು, ಬ್ಯಾಟರಿ ಕೀಳಬೇಕು, ರಿಮೋಟ್ ಕೊನೆಗೆ ಆಫ್.

ಇದೆಲ್ಲ ಬರೆಯಲು ಸುಲಭ. ಆವತ್ತು ಹೊಲದಲ್ಲಿ ಏನಾಯಿತು ಅಂದರೆ, ಅಕ್ಕ ಎಣ್ಣೆ ಕಲಸಲು ಆ ಕಡೆ ಹೋದಾಗ ಹೊಲದ ಯಜಮಾನರ ಅವಸರ ತಾಳದೆ ಮೈದುನ ರಿಮೋಟ್ ಆನ್ ಮಾಡಿ ಬ್ಯಾಟರಿ ಜೋಡಿಸಿಬಿಟ್ಟಿದ್ದ. ಅಕ್ಕ ಬಂದು ಕೊನೆಯ ಸಲ ಸುತ್ತು ಹಾಕುವಾಗ ಒಂದು ಫ್ಯಾನಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಬದು ದಾಟಿಸುವಾಗ ಬೇಲಿಯ ಜಾಲಿಗೆ ತಾಗಿರಬೇಕು. ಮೈದುನ ಸ್ಪ್ಯಾನರ್ ಹಿಡಿದು ಫ್ಯಾನಿನ ಕಡೆ ಬಗ್ಗಿದ.

"ತಡಿ. ಮೊದಲ ಬ್ಯಾಟರಿ ತಗಿ."

"ಮೋಟಾರ್ ನಿಂತೈತೆಲ್ಲ ಅತ್ತಿಗಿ, ರಿಮೋಟ್ ನನ್ನ ಕೊಳ್ಳಾಗ ಐತಿ. ಎರಡ ನಿಮಿಷದ ಕೆಲಸ."

"ನಿಂತೈತಿ, ಸತ್ತಿಲ್ಲ. ಬ್ಯಾಟರಿ ತಗದು ಪೆಟ್ಟಿಗ್ಯಾಗ ಇಡು, ರಿಮೋಟ್ ನನಗ ಕೊಡು, ಆಮ್ಯಾಲ ಮುಟ್ಟು."

ಬದುವಿನ ಮೇಲಿದ್ದ ಹಿರಿಯರು ಗೊಣಗಿದರು. "ಯವ್ವಾ, ಬಿಸಿಲ ಏರಾಕತ್ತೈತಿ. ಗಾಳಿ ಬಿಟ್ರ ಎಣ್ಣಿ ಎಲ್ಲಾ ಪಕ್ಕದವ್ರ ಹೊಲಕ್ಕ ಹೊಕ್ಕೈತಿ. ಸಣ್ಣ ಗೀರಿಗೆ ಇಷ್ಟೊತ್ತು ಮಾಡ್ತಿ?"

"ಸ್ಟಾರ್ಟರ್ ಪೆಟ್ಟಿಗಿ ತಗಿಯೋಮುಂದ ನೀವು ಫ್ಯೂಜ್ ಕೀಳ್ತೀರಿಲ್ಲೋ ಕಾಕಾ? ಇದೂ ಅಷ್ಟ."

ಹಿರಿಯರು ಮತ್ತೆ ಮಾತಾಡಲಿಲ್ಲ. ಆ ಮೋಟಾರಿನ ಎರಡೂ ರೆಕ್ಕೆ ಬದಲಾದವು. ಒಂದನ್ನೇ ಬದಲಿಸಿದರೆ ತೂಕ ಏರುಪೇರಾಗಿ ನಡುಗುತ್ತದೆಯಂತೆ. ಕಾಲು ತಾಸು ಹೋಯಿತು. ಅಷ್ಟರಲ್ಲಿ ಆ ಹೊಲದ ಮುಕ್ಕಾಲು ಪಾಲು ಹೊಡೆದು ಮುಗಿಸುವ ಹೊತ್ತಿಗೆ ಗಾಳಿ ಎದ್ದಿತು. ಅಕ್ಕ ಡ್ರೋನ್ ಇಳಿಸಿಬಿಟ್ಟರು. ಉಳಿದದ್ದು ಮರುದಿನಕ್ಕೆ. ಮುಂದಿನ ಊರಲ್ಲಿ ಕಾಯುತ್ತಿದ್ದವರಿಗೆ ಫೋನ್ ಮಾಡಿ ಇವತ್ತು ಆಗುವುದಿಲ್ಲ ಅಂದರು. ಆವತ್ತಿನ ದುಡಿಮೆ ಅಷ್ಟಕ್ಕೇ ನಿಂತಿತು, ಸಂಘದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಬೈಕ್ ಹತ್ತುವ ಮುಂಚೆ ನಾವು ಕೇಳಿದೆವು, ಹೀಗೆ ದಿನ ಹಾಳಾದರೆ ಬೇಜಾರಾಗುವುದಿಲ್ಲವೇ ಅಂತ. "ಫ್ಯಾನ್ ಇನ್ನೊಂದ ಸಿಗತೈತ್ರೀ ಅಣ್ಣಾರ. ಅವನ ಬಳ್ಳ ಎಲ್ಲಿ ತರ್ಲಿ?" ಅಂದರು. ಬಳ್ಳ ಅಂದರೆ ನಮ್ಮ ಕಡೆ ಬೆರಳು. ಮೈದುನ ತಲೆ ತಗ್ಗಿಸಿ ಬ್ಯಾಟರಿ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಿದ್ದ.

ನಾವು ಹಳ್ಳಿ ತಿರುಗುತ್ತ ಕಂಡುಕೊಂಡ ಮಾತು ಇಷ್ಟೇ. ಡ್ರೋನ್ ಹಾರಿಸುವವರಿಗೆ ಈ ಕ್ರಮ ಗೊತ್ತಿಲ್ಲ ಅಂತಲ್ಲ. ತರಬೇತಿಯಲ್ಲಿ ಕಲಿಸಿರುತ್ತಾರೆ. 25 ಕಿಲೋದೊಳಗಿನ ಇಂಥ ಡ್ರೋನಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು ಅಂತ 2021ರ ಡ್ರೋನ್ ನಿಯಮಗಳೇ ಹೇಳುತ್ತವೆ. ಸಿಂಪಡಣೆಯನ್ನು ಹೇಗೆ ಮಾಡಬೇಕು ಅಂತ ಕೃಷಿ ಸಚಿವಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಪದ್ಧತಿ ಹೊರಡಿಸಿದೆ. ಕ್ರಮ ಕೆಡುವುದು ಬದುವಿನ ಮೇಲೆ ನಿಂತ ನಮ್ಮ ಅವಸರದಿಂದ. ಬೇಗ ಮಾಡವ್ವಾ, ಬಿಸಿಲಾಯಿತು, ಅವರು ಇದೇ ಕೆಲಸ ಐದು ನಿಮಿಷದಲ್ಲಿ ಮುಗಿಸಿದರು, ನೀನ್ಯಾಕೆ ಇಷ್ಟೊತ್ತು. ಹೆಣ್ಣುಮಗಳಾದರೆ ಈ ಮಾತು ಇನ್ನೂ ಎರಡು ಜಾಸ್ತಿ. ಆ ಮಾತಿಗೆ ಬಗ್ಗದೆ ನಿಲ್ಲುವುದು ಹದಿನೈದು ದಿನದ ತರಬೇತಿಯಲ್ಲಿ ಬರುವುದಿಲ್ಲ.

ಆದ್ದರಿಂದ ಓದುವ ನಿಮ್ಮಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಹೊಲಕ್ಕೆ ಡ್ರೋನ್ ಕರೆಸಿದ ದಿನ ಬೆಳಿಗ್ಗೆ ನೀರು, ಎಣ್ಣೆ ಮೊದಲೇ ಹೊಂದಿಸಿಡಿ. ಎಣ್ಣೆ ಎಷ್ಟು ಕಲಸಬೇಕು ಅನ್ನುವುದನ್ನು ರೈತ ಸಂಪರ್ಕ ಕೇಂದ್ರದಲ್ಲೋ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮುಂಚೆಯೇ ಕೇಳಿಟ್ಟುಕೊಳ್ಳಿ, ಬದುವಿನ ಮೇಲೆ ಚರ್ಚೆ ಬೇಡ. ಹುಡುಗರನ್ನು ದೂರ ನಿಲ್ಲಿಸುವುದು ನಿಮ್ಮ ಕೆಲಸ, ಹಾರಿಸುವವರದಲ್ಲ. ಡ್ರೋನ್ ನೆಲದ ಮೇಲಿದ್ದಾಗ ಸೆಲ್ಫಿಗೆ ಅಂತ ಹತ್ತಿರ ಹೋಗಬೇಡಿ. ಬ್ಯಾಟರಿ ಒಳಗಿದೆಯೋ ಹೊರಗಿದೆಯೋ ಅಂತ ಒಮ್ಮೆ ಕೇಳಿ. ಹಾಗೆ ಕೇಳುವ ರೈತನ ಹೊಲದಲ್ಲಿ ಹಾರಿಸುವವರಿಗೂ ಧೈರ್ಯ ಬರುತ್ತದೆ. ಇವತ್ತು ಬೇಡ, ಫ್ಯಾನ್ ಸರಿ ಇಲ್ಲ ಅಂತ ಅವರು ಅಂದರೆ, ಆಯಿತವ್ವಾ ನಾಳೆ ಬಾ ಅನ್ನಿ. ಹುಳು ಒಂದು ರಾತ್ರಿ ಹೆಚ್ಚು ತಿಂದರೆ ಎಲೆ ಮತ್ತೆ ಚಿಗುರುತ್ತದೆ.